ನೆಲಕ್ಕಿಟ್ಟ ಕೀಲಿಕೈ

"ಮೊದಲಿಂದ ಹೇಳಿ. ಬಾಗಿಲು ತೆಗೆದಿದ್ದು ಯಾರು?"

ನಕಿವಾಲಾ ಹೀಗೆ ಕೇಳಿದ್ದು ಅದು ನಾಲ್ಕನೆಯ ಸಲ. ಜೈತೂನ್ ತನ್ನ ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಕೈ ತೆಗೆದರೆ ಯಾರಾದರೂ ಅದನ್ನು ಹೊತ್ತುಕೊಂಡು ಹೋಗುತ್ತಾರೆ ಎನ್ನುವ ಹಾಗಿತ್ತು ಅವಳ ಮುಖ.

"ಅವಳೇ. ಜಸ್ಟೀನ್ ಮೇಡಂ. ಓನರ ಹೆಂಡತಿ ಅಂದ್ಕೊಂಡು ಬಂದವಳು. ನೀವು ಸಮಿತಿಯವರು ಕಿವೀಲಿ ಏನು ತುಂಬ್ಕೊಂಡಿರ್ತೀರಮ್ಮಾ?"

"ಇನ್ನೊಂದು ಸಲ ಹೇಳಿ, ಅಕ್ಕಾ."

ಎರಡು ತಿಂಗಳಲ್ಲಿ ಕಂಪಾಲಾದ ಅಂಚಿನ ಈ ಕಲುಂಬಾ ವಲಯದಲ್ಲಿ, ಆರು ತಿಂಗಳ ಬಾಡಿಗೆ ಮುಂಗಡ ಕೊಟ್ಟು ಸುಳ್ಳು ಓನರ ಕೈಗೆ ಸಿಕ್ಕಿಬಿದ್ದವರಲ್ಲಿ ಜೈತೂನ್ ಮೂರನೆಯವಳು. ಮೊದಲಿನ ಇಬ್ಬರು ಗಂಟುಮೂಟೆ ಕಟ್ಟಿಕೊಂಡು ಹೋಗಿಯಾಗಿತ್ತು; ಅವರ ಕಾಗದವನ್ನು ಯಾರೂ ಬಿಡಿಸಿ ನೋಡಿರಲಿಲ್ಲ.

ಜೈತೂನ್ ಹೋಗಬೇಕಾಗಿದ್ದದ್ದು ಇವತ್ತು ನಾಲ್ಕು ಗಂಟೆಗೆ. ಈ ವಠಾರದ ನಿಜವಾದ ಓನರು ಕ್ಯಾಂಬದ್ದೆ, ದೂರದ ಗುಲು ಪಟ್ಟಣದಲ್ಲಿ ಮೇಷ್ಟರು. ಗುರುವಾರ ಬಂದು ನೋಡಿದರೆ ಖಾಲಿ ಬಿಟ್ಟುಹೋಗಿದ್ದ ಕೋಣೆಯಲ್ಲಿ ಒಬ್ಬಳು ಹೆಂಗಸು, ಇಬ್ಬರು ಮಕ್ಕಳು, ಒಂದು ಹೊಲಿಗೆ ಯಂತ್ರ. ಅವರು ನೇರ ವಲಯದ ಚೇರ್ಮನ್ ಹತ್ತಿರ ಹೋದರು. ಚೇರ್ಮನ್ ಒಂದೇ ಮಾತು ಹೇಳಿದ್ದರು: ಆ ಕರಾರುಪತ್ರದ ಮೇಲಿನ ಮೊಹರು ನಮ್ಮ ಆಫೀಸಿನದೇ ಆಗಿದ್ದರೆ, ಸಮಿತಿ ಕೂತು ವಿಚಾರಿಸುವವರೆಗೆ ಅವಳನ್ನು ಯಾರೂ ಎಬ್ಬಿಸುವ ಹಾಗಿಲ್ಲ. ಸುಳ್ಳು ಕಾಗದವಾಗಿದ್ದರೆ ಶನಿವಾರ ನಾಲ್ಕು ಗಂಟೆಗೆ ಕೋಣೆ ಖಾಲಿಯಾಗಬೇಕು.

ಅಷ್ಟು ಹೇಳಿ ಅವರು ಯಾರದೋ ಮಣ್ಣಿಗೆ ಮಸಾಕಾ ಕಡೆಗೆ ಹೊರಟುಹೋದರು. ವಿಚಾರಿಸುವ ಕೆಲಸ ನಕಿವಾಲಾಳ ಪಾಲಿಗೆ ಬಂತು. ಆಫೀಸಿನ ದಫ್ತರು ಬರೆಯುವವಳು ಅವಳೇ. ವಲಯಕ್ಕೆ ಬರುವವರ, ಹೋಗುವವರ ಹೆಸರೆಲ್ಲ ಅವಳ ಕೈಬರಹದಲ್ಲಿರುತ್ತಿತ್ತು. ಹೈಸ್ಕೂಲು ಎರಡನೇ ವರ್ಷಕ್ಕೆ ನಿಂತಿತ್ತು. ವಯಸ್ಸು ಇಪ್ಪತ್ತನಾಲ್ಕು. ಮಾತು ಕಡಿಮೆ, ನೋಡುವುದು ಜಾಸ್ತಿ.

"ಕೋಣೆ ನೋಡೋಕೆ ಎಷ್ಟು ಗಂಟೆಗೆ ಬಂದ್ರಿ?"

"ಹನ್ನೊಂದಕ್ಕೆ. ಆ ಹೊತ್ತಿಗೇ ಬನ್ನಿ ಅಂತ ಅವಳೇ ಹೇಳಿದ್ದು."

ಈ ವಠಾರದಲ್ಲಿ ಹನ್ನೊಂದಕ್ಕೆ ಯಾರೂ ಇರುವುದಿಲ್ಲ. ಉಳಿದ ಮೂರು ಬಾಡಿಗೆ ಮನೆಯವರೂ ಮಾರ್ಕೆಟ್ಟಿನ ವ್ಯಾಪಾರದವರು.

"ಸಂಜೆ ಇನ್ನೊಂದು ಸಲ ಬಂದು ಪಕ್ಕದವರನ್ನ ವಿಚಾರಿಸಬಹುದಿತ್ತು."

"ವಿಚಾರಿಸೋದು ಏನಮ್ಮಾ? ಒಳಗೇ ನಲ್ಲಿ ಇತ್ತು. ತಿರುಗಿಸಿದೆ, ನೀರು ಬಂತು. ಹನ್ನೆರಡು ವರ್ಷ ಕ್ಯಾನು ಹೊತ್ತವಳು ನಾನು. ನೀರು ನೋಡಿದ ಮೇಲೆ ಇನ್ನೇನೂ ಕಣ್ಣಿಗೆ ಬೀಳಲಿಲ್ಲ."

"ಕರೆಂಟ್ ಮೀಟರಿನ ಕಾರ್ಡು?"

"ನೋಡಿದೆ. ಅಷ್ಟೂ ಪೆದ್ದಿ ಅಲ್ಲ ನಾನು. ಕ್ಯಾಂಬದ್ದೆ ಅಂತ ಇತ್ತು. ನನ್ನ ಗಂಡ ಅಂದಳು."

"ನೀವು ಮುಂಚೆ ಇದ್ದ ವಲಯದ ಚೇರ್ಮನ್ ಕೊಟ್ಟ ಪರಿಚಯ ಪತ್ರ ತಂದಿದ್ರಲ್ಲ. ಅದನ್ನ ನಮ್ಮ ಆಫೀಸಿಗೆ ನೀವೇ ತಂದಿದ್ರೆ ಅವತ್ತೇ ಗೊತ್ತಾಗ್ತಿತ್ತು."

ಜೈತೂನ್ ಯಂತ್ರದ ಚಕ್ರವನ್ನು ಸುಮ್ಮನೆ ಅರ್ಧ ಸುತ್ತು ತಿರುಗಿಸಿದಳು.

"ಕೊಡಿ, ನಾನೇ ಮುಟ್ಟಿಸ್ತೀನಿ, ಕರಾರಿಗೆ ಮೊಹರೂ ಹಾಕಿಸ್ಕೊಂಡು ಬರ್ತೀನಿ ಅಂದಳು. ನನಗೂ ಒಂದು ದಿನದ ಕೆಲಸ ಉಳೀತು ಅನ್ನಿಸ್ತು. ಮಾರನೇ ದಿನ ತಂದುಕೊಟ್ಟಳು. ದುಂಡಗಿನ ಮೊಹರು, ಕೆಳಗೆ ನೀಲಿ ಶಾಯೀಲಿ ಒಂದು ಸಹಿ. ದುಡ್ಡು ಕೊಟ್ಟೆ."

"ಆ ಕರಾರು ಈಗೆಲ್ಲಿ?"

"ಓನರು ಬಂದಾಗ ತೋರಿಸಿ ಅಂದ್ರು. ತೋರಿಸಿದೆ. ಮಡಚಿ ಜೇಬಿಗೆ ಹಾಕ್ಕೊಂಡ್ರು."

"ಇನ್ನೊಂದು ಪ್ರತಿ?"

"ಒಂದೇ ಇದ್ದಿದ್ದು."

ಪ್ರತಿ ಒಂದೇ ಎಂದು ನಕಿವಾಲಾ ಬರೆದುಕೊಂಡಳು. ಬೈಗುಳಕ್ಕಿಂತ ಅದು ಹೆಚ್ಚು ಚುಚ್ಚಿತು ಎಂದು ಕಾಣುತ್ತದೆ. ಜೈತೂನ್ ಮುಖ ತಿರುಗಿಸಿದಳು.

"ಬೀಗದ ವಿಷಯ ಹೇಳಿ."

"ಹಳೇ ಬೀಗ ತುಕ್ಕು ಹಿಡಿದಿದೆ, ಹೊಸದು ಹಾಕಿಸ್ತೀನಿ ಅಂತ ಒಬ್ಬ ಮುದುಕನ್ನ ಕರೆಸಿದಳು. ತಲೆಗೆ ಟವೆಲು, ಕೈಯಲ್ಲಿ ಉಳಿ, ಸುತ್ತಿಗೆ. ಅವನು ಗೇಟು ದಾಟಿದ್ದೇ ತಡ, ಇವಳು ಜಲ್ಲಿಕಲ್ಲಿನ ಮೇಲೇ ಎರಡೂ ಮಂಡಿ ಊರಿ ನಮಸ್ಕಾರ ಹೇಳಿದಳು. ಇಸ್ತ್ರಿ ಲಂಗ ಉಟ್ಟ ಮನೆ ಯಜಮಾನಿ, ಬೀಗ ಹಾಕೋಕೆ ಬಂದವನಿಗೆ. ಎಂಥ ಸಂಸ್ಕಾರವಂತೆ ಅಂದ್ಕೊಂಡೆ. ನಿಜ ಹೇಳ್ತೀನಿ, ಅದನ್ನ ನೋಡೇ ನಂಬಿದ್ದು."

"ಆಮೇಲೆ? ಕೀಲಿಕೈ ಅವಳ ಕೈಗೆ ಕೊಟ್ಟನಾ?"

"ಇಲ್ಲ. ಮೆಟ್ಟಿಲ ಮೇಲಿಟ್ಟ."

"ಅವಳು ಕೈ ಚಾಚಿದ್ದಳಾ?"

ಜೈತೂನ್ ಕಣ್ಣು ಕಿರಿದು ಮಾಡಿ ನೆನಪಿಸಿಕೊಂಡಳು. "ಚಾಚಲಿಲ್ಲ. ಅವನು ಕೀಲಿಕೈ ಇಟ್ಟು ನಲ್ಲಿ ತನಕ ಹಿಂದೆ ಸರಿದ. ಅಷ್ಟು ದೂರ ಹೋದ ಮೇಲೇ ಬಗ್ಗಿ ತಗೊಂಡಳು. ಯಾಕೆ?"

ನಕಿವಾಲಾಳ ಪೆನ್ನು ನಿಂತಿತು.

ಹಿರಿಯರನ್ನು ಕಂಡರೆ ಮಂಡಿಯೂರುವುದು ಇಲ್ಲಿ ಎಲ್ಲ ಹೆಂಗಸರೂ ಮಾಡುವುದೇ. ಅದರಲ್ಲಿ ವಿಶೇಷವಿಲ್ಲ. ಆದರೆ ಕೈಯಿಂದ ಕೈಗೆ ವಸ್ತು ದಾಟಿಸದೆ ನೆಲಕ್ಕಿಟ್ಟು ದೂರ ಸರಿಯುವುದು ಒಂದೇ ಒಂದು ಸಂಬಂಧದಲ್ಲಿ. ಮಾವ, ಸೊಸೆ. ಅವರಿಬ್ಬರ ಬೆರಳು ತಾಗಿದರೆ ಸಾಯುವವರೆಗೆ ಕೈನಡುಕ ಹತ್ತುತ್ತದೆ ಎಂದು ನಕಿವಾಲಾಳ ಅಜ್ಜಿಯೂ ನಂಬಿದ್ದಳು, ಅವಳೂ ನಂಬಿದ್ದಳು. ಹೆಸರು ಬದಲಾಯಿಸಬಹುದು, ಗಂಡನನ್ನು ಬದಲಾಯಿಸಿ ಹೇಳಬಹುದು. ಮಾವನ ಕೈಯಿಂದ ಕೀಲಿಕೈ ಇಸಿದುಕೊಳ್ಳಲು ಮಾತ್ರ ಆ ಹೆಂಗಸಿಗೆ ಧೈರ್ಯ ಬಂದಿರಲಿಲ್ಲ.

ನಕಿವಾಲಾಳ ಕಣ್ಣ ಮುಂದೆ ಇನ್ನೊಂದು ಚಿತ್ರ ಬಂತು. ಹೋದ ವಾರ ಟ್ಯಾಕ್ಸಿ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಸಲು ಕಾಯುತ್ತ ಕೂತಿದ್ದಳು. ಪಕ್ಕದಲ್ಲಿ ಬೀಗ ರಿಪೇರಿಯ ಸೆಕಿಟ್ಟೊ. ಹಿಂದಿನ ಸಲೂನಿನಿಂದ ಒಬ್ಬ ಹೆಂಗಸು ಬಾಳೆ ಎಲೆ ಮುಚ್ಚಿದ, ಬೇಯಿಸಿದ ಬಾಳೆಕಾಯಿಯ ಮಟೊಕೆ ತಟ್ಟೆ ತಂದು, ಮುದುಕನಿಗೆ ಕೊಡದೆ, ಎರಡು ಮಾರು ದೂರದ ಸ್ಟೂಲಿನ ಮೇಲಿಟ್ಟು ಒಳಗೆ ಹೋದಳು. ಅವಳು ಮರೆಯಾದ ಮೇಲೆ ಮುದುಕ ಎದ್ದು ತಟ್ಟೆ ತೆಗೆದುಕೊಂಡ.

"ಏಳಿ ಅಕ್ಕಾ. ಮಕ್ಕಳನ್ನ ಪಕ್ಕದವರಿಗೆ ಒಪ್ಪಿಸಿ ಬನ್ನಿ."

ಇಬ್ಬರೂ ಒಂದೇ ಬೋಡಾ ಬಾಡಿಗೆ ಬೈಕಿನ ಹಿಂದೆ ಕೂತು ಹೊರಟರು.

* * *

ಸಲೂನಿನ ಎದುರಿನ ಚಪಾತಿ ಅಂಗಡಿಯ ಮರೆಯಲ್ಲಿ ನಕಿವಾಲಾ ಜೈತೂನಳನ್ನು ನಿಲ್ಲಿಸಿದಳು.

"ನಾನು ಸನ್ನೆ ಮಾಡೋವರೆಗೂ ದಾಟಬೇಡಿ."

"ಅವಳೇ ಆಗಿದ್ರೆ ಕೂದಲು ಹಿಡಿದು ಎಳೀತೀನಿ."

"ಅವಳು ಓಡಿಹೋದರೆ ನಿಮ್ಮ ಕೋಣೇನೂ ಅವಳ ಜೊತೆ ಹೋಗುತ್ತೆ."

ಜೈತೂನ್ ಗೊಣಗಿಕೊಂಡು ನಿಂತಳು.

ಒಳಗೆ ಒಂದೇ ಕುರ್ಚಿ, ಒಂದು ಒಡಕು ಕನ್ನಡಿ. ಸಲೂನಿನವಳಿಗೆ ಮೂವತ್ತು ದಾಟಿರಬಹುದು. ಗೋಡೆಗೆ ಅಂಟಿಸಿದ ಪರವಾನಗಿಯಲ್ಲಿ ಪ್ರಾಸ್ಕೋವಿಯಾ ಎಂದು ಹೆಸರಿತ್ತು.

"ದಪ್ಪ ಜಡೆನಾ, ಸಣ್ಣದಾ?"

"ಸಣ್ಣದು."

"ಕೂದಲು ಏನಮ್ಮಾ ಇಷ್ಟು ತೆಳು? ಗಂಡ ಕಿತ್ತನಾ?"

"ಗಂಡ ಇಲ್ಲ."

"ಹಾಗಾದ್ರೆ ಕೆಲಸ ಕಿತ್ತಿದೆ." ಬೆರಳುಗಳು ಚುರುಕಾಗಿ ಓಡತೊಡಗಿದವು. ಎಡಕಿವಿಯಿಂದ ಶುರುವಾದ ಜಡೆಗಳು ಒಂದೊಂದಾಗಿ ಬಿಗಿದುಕೊಳ್ಳುತ್ತ ಬಂದವು.

ನಕಿವಾಲಾ ಕನ್ನಡಿ ನೋಡುತ್ತ ಕೂತಳು. ಅಪರಿಚಿತರ ಹತ್ತಿರ ಮೊದಲ ಮಾತಾಡುವುದು ಅವಳಿಗೆ ಯಾವತ್ತೂ ಕಷ್ಟ. ಅರ್ಧ ತಲೆ ಮುಗಿಯಿತು.

ಅಷ್ಟರಲ್ಲಿ ಹೊರಗೆ ಯಾರೋ ಕೆಮ್ಮಿದರು. ಕನ್ನಡಿಯಲ್ಲಿ ಸೆಕಿಟ್ಟೊ ಕಂಡ. ಹೊಸ್ತಿಲು ದಾಟಲಿಲ್ಲ. ಸಾಣೆ ಹಿಡಿದ ಕತ್ತರಿಯನ್ನು ಬಾಗಿಲ ಹೊರಗಿನ ಕುರ್ಚಿಯ ಮೇಲಿಟ್ಟು ಹೊರಟುಹೋದ. ಪ್ರಾಸ್ಕೋವಿಯಾ ಇದ್ದಲ್ಲೇ ಮಂಡಿ ಊರಿ, ಮುದುಕನ ಹೆಜ್ಜೆ ಸದ್ದು ನಿಂತ ಮೇಲೆ ಎದ್ದು ಕತ್ತರಿ ತಂದಳು.

"ನಿಮ್ಮ ಮಾವನಾ?"

"ಹೌದು. ಒಳ್ಳೇ ಮನುಷ್ಯ. ಎಂಟು ವರ್ಷದಲ್ಲಿ ಒಂದು ಕೆಟ್ಟ ಮಾತಾಡಿಲ್ಲ."

"ಕ್ಯಾಂಬದ್ದೆ ಮೇಷ್ಟರ ಅಪ್ಪ ತೀರಿಹೋಗಿ ಹತ್ತು ವರ್ಷ ಆಯ್ತಂತೆ. ಅವರ ಹೆಂಡತಿಗೆ ಈ ಮಾವ ಎಲ್ಲಿಂದ ಸಿಕ್ಕಿದ್ರು, ಜಸ್ಟೀನ್ ಮೇಡಂ?"

ಬೆರಳುಗಳು ನಿಂತವು. ಜಡೆ ಅರ್ಧಕ್ಕೆ ಸಡಿಲವಾಗಿ ಕುತ್ತಿಗೆಯ ಮೇಲೆ ಬಿತ್ತು.

"ಯಾರು ನೀನು?"

"ಕಲುಂಬಾ ವಲಯದ ದಫ್ತರಿನವಳು."

"ಏನೋ ತಪ್ಪು ತಿಳ್ಕೊಂಡಿದ್ದೀಯ. ಎದ್ದು ಹೋಗು. ದುಡ್ಡು ಬೇಡ."

"ಒಂದು ಸಲ ರಸ್ತೆ ಆಚೆ ನೋಡಿ."

ಪ್ರಾಸ್ಕೋವಿಯಾ ನೋಡಿದಳು. ಜೈತೂನ್ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಮರೆಯಲ್ಲಿ ನಿಲ್ಲುವ ತಾಳ್ಮೆ ಅವಳಿಗೆ ಆಗಲೇ ಮುಗಿದಿತ್ತು. ಪ್ರಾಸ್ಕೋವಿಯಾ ಬಾಗಿಲ ಪರದೆ ಎಳೆದಳು.

"ಪೊಲೀಸಿಗೆ ಹೇಳಿದ್ದೀಯಾ?"

"ಇನ್ನೂ ಇಲ್ಲ. ನಾಲ್ಕು ಗಂಟೆಗೆ ಅವಳನ್ನ ಎಬ್ಬಿಸ್ತಾರೆ. ಇಬ್ಬರು ಮಕ್ಕಳು. ನೀವು ನೋಡಿದ್ದೀರ."

"ನೋಡಿದೀನಿ. ಸಣ್ಣವನಿಗೆ ಒಂದು ಬನ್ನು ಕೊಡಿಸಿದ್ದೆ." ಅದನ್ನು ಹೇಳಿದ್ದಕ್ಕೆ ತನಗೇ ನಾಚಿಕೆಯಾದವಳ ಹಾಗೆ ಅವಳು ಕತ್ತರಿಯನ್ನು ತೆರೆದು ಮುಚ್ಚಿದಳು. "ಮಾವನಿಗೆ ಏನೂ ಗೊತ್ತಿಲ್ಲ. ಬೀಗ ಹಾಕಿ ಅಂದೆ, ಹಾಕಿದ್ರು. ಅವರ ಹೆಸರು ತರಬೇಡ."

"ಖಾಲಿ ಕೋಣೆ ಯಾವುದು, ವಠಾರದಲ್ಲಿ ಯಾವ ಹೊತ್ತಿಗೆ ಜನ ಇರಲ್ಲ, ಅದನ್ನೆಲ್ಲ ನಿಮಗೆ ಯಾರು ಹೇಳಿದ್ರು?"

"ಹಳೇ ಬೀಗದ ಕೀಲಿಕೈ ಯಾರ ಹತ್ರ ಇರುತ್ತೆ? ಅದನ್ನ ಯೋಚನೆ ಮಾಡಿದ್ರೆ ಇಲ್ಲಿ ಬಂದು ನನ್ನ ಕೇಳ್ತಿರಲಿಲ್ಲ."

ನಕಿವಾಲಾ ಅದನ್ನು ಯೋಚನೆ ಮಾಡಿರಲಿಲ್ಲ.

"ಮೇಷ್ಟರೇ?"

"ಮತ್ತಿನ್ಯಾರು? ನಾನು ಬಾಗಿಲು ತೆಗೆದು ತೋರಿಸ್ಬೇಕು. ಅವರು ಮೂರು ವಾರ ಬಿಟ್ಟು ಗುಲುವಿಂದ ಬಂದು, ಅಯ್ಯೋ ನನ್ನ ಮನೆ ಅಂತ ಬಾಯಿ ಬಡ್ಕೋಬೇಕು. ನಿಮ್ಮ ಸಮಿತಿಯೋರೇ ನಿಂತು ಖಾಲಿ ಮಾಡಿಸ್ತೀರ. ಆರು ತಿಂಗಳ ಬಾಡಿಗೆ ಜೇಬಲ್ಲಿ, ಕೋಣೆ ಮತ್ತೆ ಖಾಲಿ. ಮೊದಲಿನ ಎರಡು ಮನೇನೂ ಅವರದೇ. ಒಂದು ತಮ್ಮನ ಹೆಸರಲ್ಲಿ, ಒಂದು ಅತ್ತಿಗೆ ಹೆಸರಲ್ಲಿ."

"ನಿಮಗೆಷ್ಟು ಸಿಕ್ತು?"

"ಈ ಬಾಗಿಲು." ಅವಳು ಸಲೂನಿನ ತಗಡಿನ ಬಾಗಿಲನ್ನು ತೋರಿಸಿದಳು. "ಇದೂ ಅವರದೇ. ನಾನು ಬರೋಕೆ ಮುಂಚೆ ಯಾರು ಓನರು, ಎಂಥವನು ಅಂತ ಹಳೇ ಬಾಡಿಗೆಯವಳನ್ನ ಒಂದು ಮಾತು ಕೇಳಿದ್ರೆ ಅವಳೇ ಹೇಳ್ತಿದ್ದಳೋ ಏನೋ. ನಾನೂ ಕೇಳಲಿಲ್ಲ. ಹೇಳಿದ ಹಾಗೆ ಕೇಳದೇ ಇದ್ರೆ ಮಾರನೇ ದಿನ ಬೇರೆ ಬೀಗ ಬೀಳುತ್ತೆ ಅಂದ್ರು."

"ನಾಲ್ಕು ಗಂಟೆಗೆ ಬಂದು ಇದನ್ನೇ ಹೇಳಿ."

"ಬರಲ್ಲ. ಬಂದು ಹೇಳಿದ್ರೆ ನಾಳೆ ನಾನು, ಮಾವ, ಮಕ್ಕಳು ಎಲ್ಲ ರಸ್ತೇಲಿ. ನೀನು ಚೆನ್ನಾಗಿ ಮಾತಾಡ್ತೀಯ, ನೀನೇ ಹೇಳ್ಕೋ."

ಅವಳು ಚೆನ್ನಾಗಿ ಮಾತಾಡುತ್ತಾಳೆ ಎಂದು ಈವರೆಗೆ ಯಾರೂ ಹೇಳಿರಲಿಲ್ಲ.

"ಮೊಹರು?" ನಕಿವಾಲಾ ಕೊನೆಗೆ ಕೇಳಿದಳು. "ಅದನ್ನ ಎಲ್ಲಿ ಮಾಡಿಸಿದ್ರು?"

ಪ್ರಾಸ್ಕೋವಿಯಾ ಅವಳನ್ನು ವಿಚಿತ್ರವಾಗಿ ನೋಡಿದಳು.

"ಮಾಡಿಸೋದೇನು? ಮೊಹರು ಹಾಕಿದ ಖಾಲಿ ಹಾಳೆ ಅವರೇ ತಂದುಕೊಟ್ಟರು. ಮೇಲೆಲ್ಲ ಬಿಳಿ, ಕೆಳಗೆ ಮೊಹರು, ಸಹಿ. ಕರಾರು ಆಮೇಲೆ ನಾವು ಬರೆದಿದ್ದು. ನಿಮ್ಮ ಆಫೀಸಿಂದೇ ತಂದೆ, ಅಲ್ಲಿನ ಹುಡುಗಿ ಟೀ ತರೋಕೆ ಹೋಗಿದ್ದಳು ಅಂದ್ರು."

ನಕಿವಾಲಾ ಕುರ್ಚಿಯಿಂದ ಏಳಲು ಹೋದವಳು ಮತ್ತೆ ಕೂತಳು.

ಚೇರ್ಮನ್ ಮಣ್ಣಿಗೆ, ಮದುವೆಗೆ ಹೋದಾಗ ಜನ ಪರಿಚಯ ಪತ್ರಕ್ಕಾಗಿ ಕಾಯಬಾರದು ಎಂದು ಪ್ರತಿ ಸೋಮವಾರ ಹತ್ತು ಖಾಲಿ ಹಾಳೆಗೆ ಮೊದಲೇ ಮೊಹರು ಒತ್ತಿಡುವುದು ಅವರ ಆಫೀಸಿನ ರೂಢಿ. ಬರೆದವಳ ಸಹಿಯೂ ಬೇಕು. ಸಾಲು ನಿಂತಾಗ ಅದೂ ಒಂದು ಕೆಲಸ ಯಾಕೆ ಎಂದು ಹತ್ತಕ್ಕೂ ಒಟ್ಟಿಗೆ ಸಹಿ ಹಾಕಿ ಮೇಜಿನ ಮೇಲಿಡುತ್ತಿದ್ದವಳು ಅವಳೇ.

ಮನೆ ಕಳೆದುಕೊಂಡ ಆ ಮೂವರ ಕಾಗದಕ್ಕೂ ಸಹಿ ಹಾಕಿದ್ದು ಅವಳು.

* * *

"ಏನಂದಳು?" ಬೋಡಾದ ಗಾಳಿಯಲ್ಲಿ ಜೈತೂನ್ ಕೂಗಿ ಕೇಳಿದಳು. "ಅಷ್ಟು ಹೊತ್ತು ಪರದೆ ಹಾಕ್ಕೊಂಡು ಏನು ಮಾತಾಡಿದ್ರಿ?"

"ನಾಲ್ಕು ಗಂಟೆಗೆ ಹೇಳ್ತೀನಿ."

"ನನ್ನ ಮನೆ ವಿಷಯ ನನಗೆ ಹೇಳೋಕೆ ನಾಲ್ಕು ಗಂಟೆ ಆಗ್ಬೇಕಾ?"

ನಕಿವಾಲಾ ಬೋಡಾದವನ ಬೆನ್ನಿನ ಮೇಲೆ ಕಣ್ಣು ನೆಟ್ಟಳು. ಸಹಿ ತನ್ನದು ಎಂದು ಹೇಳಲು ನಾಚಿಕೆಯಾಗಿತ್ತು.

ವಠಾರಕ್ಕೆ ಬಂದಾಗ ಮೂರೂಮುಕ್ಕಾಲು. ಗೇಟಿನ ಹತ್ತಿರ ಒಂದು ಪಿಕಪ್ ಗಾಡಿ ಆಗಲೇ ನಿಂತಿತ್ತು. ಮಾರ್ಕೆಟ್ಟಿನಿಂದ ಬಂದ ನೆರೆಯವರು ಗೋಡೆಗೊರಗಿ ನಿಂತಿದ್ದರು. ಮಣ್ಣಿಗೆ ಹೋಗಿದ್ದ ಬಿಳಿ ನಿಲುವಂಗಿ, ಕರಿ ಕೋಟಿನಲ್ಲೇ ಚೇರ್ಮನ್ ಕುರ್ಚಿಯ ಮೇಲೆ ಕೂತಿದ್ದರು.

"ತಲೆ ಅರ್ಧಕ್ಕೇ ನಿಂತಿದೆಯಲ್ಲ, ಮಗಳೇ."

"ಕೆಲಸ ಇತ್ತು, ಅಪ್ಪಾ." ಅವಳು ಮಂಡಿಯೂರಿ ಹೇಳಿದಳು.

ಕ್ಯಾಂಬದ್ದೆ ಮೇಷ್ಟರು ಒಳ್ಳೆಯ ಮಾತಿನವರು. ಯಾರಿಗೂ ದನಿ ಎತ್ತುವವರಲ್ಲ. ಜೇಬಿನಿಂದ ಜೈತೂನಳ ಕರಾರುಪತ್ರ ತೆಗೆದು, ಎರಡೂ ಕೈಯಲ್ಲಿ ಚೇರ್ಮನ್‌ಗೆ ಕೊಟ್ಟರು.

"ಪಾಪದ ಹೆಂಗಸು. ಅವಳ ಮೇಲೆ ನನಗೆ ಸಿಟ್ಟಿಲ್ಲ, ಚೇರ್ಮನ್ರೇ. ಆದರೆ ಮೊಹರು ನೋಡಿ, ಸಹಿ ನೋಡಿ. ಎಲ್ಲ ಖೋಟಾ. ನಿಮ್ಮ ನಕಿವಾಲಾಳ ಸಹಿ ಹೀಗಿರುತ್ತಾ? ಅವಳೇ ಹೇಳಲಿ."

ಹೀಗೆ ಹೇಳುವಾಗ ಅವರು ನಕಿವಾಲಾಳನ್ನು ನೋಡಿದರು. ಆ ನೋಟದಲ್ಲಿ ಬೆದರಿಕೆ ಇರಲಿಲ್ಲ, ಸಹಾಯ ಮಾಡುವವರ ಹಾಗಿತ್ತು. ನನ್ನದಲ್ಲ ಎಂದುಬಿಡು, ನಿನಗೂ ಒಳ್ಳೆಯದು.

ಕಾಗದ ಅವಳ ಕೈಗೆ ಬಂತು. ಸಹಿಯ ಕೊನೆಯ ಗೆರೆ ಅವಸರದಲ್ಲಿ ಬಾಲದ ಹಾಗೆ ಕೆಳಗಿಳಿದಿತ್ತು. ಯಾವ ಸೋಮವಾರದ್ದೋ.

ನನ್ನದಲ್ಲ ಎಂದರೆ ಅವಳ ಕೆಲಸ ಉಳಿಯುತ್ತದೆ, ಹೊಲಿಗೆ ಯಂತ್ರ ಪಿಕಪ್ ಹತ್ತುತ್ತದೆ. ನನ್ನದು ಎಂದರೆ ಜೈತೂನ್ ಉಳಿಯುತ್ತಾಳೆ.

ಜೈತೂನ್ ಹತ್ತಿರ ಬಂದು ಅವಳ ಎಡಗೈ ಹಿಡಿದುಕೊಂಡಳು. ಸೂಜಿ ಚುಚ್ಚಿ ಒರಟಾದ ಬೆರಳುಗಳು.

"ನನ್ನದೇ," ಎಂದಳು ನಕಿವಾಲಾ.

ಅವಳು ನಿಲ್ಲಿಸದೆ ಹೇಳಿದಳು, ನಿಲ್ಲಿಸಿದರೆ ಮತ್ತೆ ಶುರುವಾಗುವುದಿಲ್ಲ ಎಂದು ಗೊತ್ತಿತ್ತು. "ಮೊಹರೂ ನಮ್ಮದೇ, ಅಪ್ಪಾ. ಖಾಲಿ ಹಾಳೆಗೆ ನಾನು ಮೊದಲೇ ಸಹಿ ಹಾಕಿಡ್ತಿದ್ದೆ. ಮೇಷ್ಟರು ಆಫೀಸಿಗೆ ಬಂದಾಗ ಅದನ್ನ ಎತ್ಕೊಂಡು ಹೋಗಿದ್ದಾರೆ. ಜಸ್ಟೀನ್ ಅನ್ನೋಳನ್ನ ಕಳಿಸಿದ್ದೂ ಅವರೇ."

ಚೇರ್ಮನ್ ತಮ್ಮ ಶೂ ನೋಡಿಕೊಂಡರು. ಆ ಹಾಳೆಗಳಿಗೆ ಮೊಹರು ಒತ್ತಿದ್ದು ಅವರ ಕೈ.

"ಮೊಹರು ನಮ್ಮದು ಅಂದಮೇಲೆ ನಾನು ಹೇಳಿದ ಮಾತು ಹೇಳಿದ್ದೇ," ಎಂದರು. "ಸಮಿತಿ ಕೂರೋವರೆಗೆ ಈಯಮ್ಮ ಇಲ್ಲಿಂದ ಕದಲಬೇಕಾಗಿಲ್ಲ. ಆ ಗಾಡಿಯವನನ್ನ ಕಳಿಸಿ."

ಜೈತೂನಳ ಬೆರಳುಗಳು ನಕಿವಾಲಾಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದವು.

ಕ್ಯಾಂಬದ್ದೆ ಮೇಷ್ಟರು ನಿಟ್ಟುಸಿರು ಬಿಟ್ಟರು. ದಡ್ಡ ವಿದ್ಯಾರ್ಥಿಯ ಉತ್ತರ ಕೇಳಿದವರ ಹಾಗೆ.

"ಹುಡುಗಿ ಬಾಳು ಹಾಳಾಗಬಾರದು ಅಂತ ಸುಮ್ಮನಿದ್ದೆ. ಸಹಿ ಅವಳದೇ ಅಂತ ಈಗ ಹತ್ತು ಜನರ ಎದುರು ಅವಳೇ ಒಪ್ಪಿದ್ದಾಳೆ. ಹಾಗಾದರೆ ಇದನ್ನೂ ಓದಿಬಿಡಿ. ನೆನ್ನೆ ಯಾರೋ ನಾನು ಉಳಿದುಕೊಂಡ ಕೋಣೆಯ ಬಾಗಿಲ ಕೆಳಗೆ ತೂರಿ ಹೋಗಿದ್ದರು."

ಇನ್ನೊಂದು ಜೇಬಿನಿಂದ ಇನ್ನೊಂದು ಹಾಳೆ ಹೊರಬಂತು. ಅದೇ ಮೊಹರು. ಅದೇ ನೀಲಿ ಶಾಯಿ.

ಚೇರ್ಮನ್ ಕನ್ನಡಕ ಏರಿಸಿ, ಎಲ್ಲರಿಗೂ ಕೇಳುವ ಹಾಗೆ, ನಿಧಾನವಾಗಿ ಓದಿದರು. "ಜೈತೂನ್ ಎಂಬವರು ಕೊಟ್ಟ ಆರು ತಿಂಗಳ ಮುಂಗಡ ಬಾಡಿಗೆ ಜಸ್ಟೀನ್ ಮೂಲಕ ಪೂರ್ತಿಯಾಗಿ ನನ್ನ ಕೈ ಸೇರಿದೆ. ಸಹಿ, ನಕಿವಾಲಾ."

ನಕಿವಾಲಾ ಬಾಯಿ ತೆರೆದಳು. ಇದೂ ತಾನು ಸಹಿ ಹಾಕಿಟ್ಟಿದ್ದ ಖಾಲಿ ಹಾಳೆಯೇ, ಮೇಲಿನ ಅಕ್ಷರ ತನ್ನದಲ್ಲ ಎಂದು ಹೇಳಬೇಕು, ಸಲೂನಿನ ಹೆಂಗಸು ಏನೇನು ಹೇಳಿದಳೆಂದು ಹೇಳಬೇಕು. ಅಷ್ಟರಲ್ಲಿ ನೆರೆಯವರಲ್ಲಿ ಒಬ್ಬ ಗೇಟು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತ.

ಎಡಗೈ ಮೇಲಿನ ಹಿಡಿತ ಸಡಿಲವಾಯಿತು. ಒಂದೊಂದೇ ಬೆರಳು ಬಿಟ್ಟುಕೊಂಡು ಜೈತೂನ್ ಒಂದು ಹೆಜ್ಜೆ ಹಿಂದೆ ಸರಿದಳು.

"ಪರದೆ ಹಾಕ್ಕೊಂಡು ಮಾತಾಡಿದ್ದು ಇದನ್ನೇನಾ, ತಂಗೀ?"